ವಿಂಡೋಸ್ 98ರ ನೆಟ್‌ವರ್ಕ್ ಸತ್ತಿಲ್ಲ, ನೀವು ನೋಡಿದ ಕಿಟಕಿ ಬೇರೆ

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಉಂಟು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ದೇವಸ್ಥಾನದ ಆಮಂತ್ರಣ, ಹೀಗೆ ಕೆಲಸ. ಮೊದಲು ಎಲ್ಲವನ್ನೂ ವಿಂಡೋಸ್ 98ರಲ್ಲಿ, ಪುಟ ಜೋಡಿಸುವ ಪೇಜ್‌ಮೇಕರ್ 6.5ರಲ್ಲಿ ಮಾಡುತ್ತಿದ್ದೆವು. ಆ ಕಂಪ್ಯೂಟರ್ ಕೆಟ್ಟಿತು, ಹಾರ್ಡ್ ಡಿಸ್ಕ್ ಉಳಿಯಿತು. ಅಳಿಯ ತನ್ನ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿ ಕ್ಯೂಎಮು ಎಮ್ಯುಲೇಟರ್ (ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ವಿಂಡೋಸ್ 98 ಸೆಕೆಂಡ್ ಎಡಿಷನ್ ಇನ್‌ಸ್ಟಾಲ್ ಮಾಡಿ, ಹಳೆಯ ಡಿಸ್ಕಿನ ಇಮೇಜನ್ನು (ಇಡೀ ಡಿಸ್ಕಿನ ಪ್ರತಿಯಾದ ಒಂದು ಫೈಲು) ಡಿ ಡ್ರೈವ್ ಆಗಿ ಜೋಡಿಸಿಕೊಟ್ಟ. ಪೇಜ್‌ಮೇಕರ್ ತೆರೆಯುತ್ತದೆ. ಆದರೆ ನೆಟ್‌ವರ್ಕ್ ಇಲ್ಲ. ನೆಟ್‌ವರ್ಕ್ ವಿಳಾಸ ತೋರಿಸುವ ವಿನ್‌ಐಪಿಸಿಎಫ್‌ಜಿಯಲ್ಲಿ ನೋಡಿದರೆ ಎಲ್ಲ ಕಡೆ ಸೊನ್ನೆ. ಹೊರಗೆ ಪಿಂಗ್ (ಆ ಕಡೆಯ ಕಂಪ್ಯೂಟರ್ ಉತ್ತರ ಕೊಡುತ್ತದಾ ಅಂತ ನೋಡುವ ಪರೀಕ್ಷೆ) ಹೋಗುವುದಿಲ್ಲ. ಬ್ರೌಸರಿನಲ್ಲಿ ಒಂದು ಸೈಟೂ ಬರುವುದಿಲ್ಲ. ನೆಟ್‌ವರ್ಕ್ ನೈಬರ್‌ಹುಡ್ ಖಾಲಿ. ಮೂರು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು, ಅದೇ ಕಥೆ. ನಮಗೆ ಬೇಕಾದದ್ದು 12 ವರ್ಷದ ಹಿಂದೆ ಮಾಡಿದ ಬ್ರಹ್ಮಕಲಶೋತ್ಸವದ ಆಮಂತ್ರಣದ ಫೈಲು. ಈ ವರ್ಷ ಪುನಃ ಬ್ರಹ್ಮಕಲಶ ಬಂದಿದೆ, ಹೊಸ ಆಮಂತ್ರಣವನ್ನೂ 98ರಲ್ಲೇ ತಿದ್ದಬೇಕು. ಎರಡು ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಒಂದು ಮಾತು. ನಾಲ್ಕನೇ ಸಲ ಇನ್‌ಸ್ಟಾಲ್ ಮಾಡಬೇಡಿ ಮಾರಾಯ್ರೆ. ನಿಮ್ಮ ನೆಟ್‌ವರ್ಕ್ ಮೊದಲ ದಿನದಿಂದಲೂ ಸರಿಯಾಗಿಯೇ ಇದೆ ಅಂತ ನಿಮ್ಮ ಫೋಟೋಗಳೇ ಹೇಳುತ್ತಿವೆ.

ಎರಡನೇ ಫೋಟೋದಲ್ಲಿ ಡಿವೈಸ್ ಮ್ಯಾನೇಜರ್ ಇದೆ. ನೆಟ್‌ವರ್ಕ್ ಅಡಾಪ್ಟರ್ಸ್ ಅನ್ನುವ ಸಾಲಿನ ಕೆಳಗೆ ಎಎಮ್‌ಡಿ ಪಿಸಿನೆಟ್ ಕಾರ್ಡ್ ಕಾಣುತ್ತದೆ, ಅದರ ಮೇಲೆ ಹಳದಿ ಗುರುತು ಇಲ್ಲ. ಅಂದರೆ ನಿಮ್ಮ ಅಳಿಯ ಸರಿಯಾದ ಕಾರ್ಡನ್ನೇ ಆರಿಸಿದ್ದಾರೆ, 98 ಅದನ್ನು ಗುರುತಿಸಿದೆ, ಡ್ರೈವರ್ ಕೂತಿದೆ. ಇಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಈಗ ಮೊದಲ ಫೋಟೋ. ವಿನ್‌ಐಪಿಸಿಎಫ್‌ಜಿಯ ಸಣ್ಣ ಕಿಟಕಿ. ಐಪಿ ವಿಳಾಸ 0.0.0.0. ಅದರ ಮೇಲಿನ ಸಾಲಿನಲ್ಲಿ ಅಡಾಪ್ಟರ್ ಅಡ್ರೆಸ್ ಅಂತ ಒಂದು ಸಂಖ್ಯೆ ಇದೆ ನೋಡಿ, 44-45-53-54-00-00. ಇದು ನಿಮ್ಮ ಕಾರ್ಡಿನ ಸಂಖ್ಯೆ ಅಲ್ಲ. ಇದು ಫೋನ್ ಲೈನಿನ ಮೋಡೆಮ್‌ಗೆ ಅಂತ ವಿಂಡೋಸ್ ತಾನೇ ಇಟ್ಟುಕೊಂಡ ಡಯಲ್‌ಅಪ್ ಅಡಾಪ್ಟರಿನ ಸಂಖ್ಯೆ. 98 ಇರುವ ಯಾವ ಕಂಪ್ಯೂಟರಿನಲ್ಲಿ ನೋಡಿದರೂ ಅದಕ್ಕೆ ಇದೇ ನಂಬರ್. (ಆ ಮೊದಲ ನಾಲ್ಕು ಜೋಡಿಗಳನ್ನು ಅಕ್ಷರಕ್ಕೆ ತಿರುಗಿಸಿದರೆ ಡಿ, ಇ, ಎಸ್, ಟಿ ಅಂತ ಬರುತ್ತದೆ.) ಮೋಡೆಮ್ ಇಲ್ಲ, ಯಾರೂ ಡಯಲ್ ಮಾಡಿಲ್ಲ, ಹಾಗಾಗಿ ಅದರ ವಿಳಾಸ ಸೊನ್ನೆಯೇ ಇರಬೇಕು. ಕ್ಯೂಎಮು ಕೊಡುವ ಕಾರ್ಡಿನ ಸಂಖ್ಯೆ ಬೇರೆ. ನೀವು ಬದಲಾಯಿಸದಿದ್ದರೆ ಅದು 52-54-00-12-34-56.

ಆ ಕಿಟಕಿಯ ಮೇಲ್ಗಡೆ ಪಿಪಿಪಿ ಅಡಾಪ್ಟರ್ ಅಂತ ಬರೆದ ಒಂದು ಪೆಟ್ಟಿಗೆ ಇದೆ, ಪಕ್ಕದಲ್ಲಿ ಕೆಳಮುಖದ ಬಾಣ. ವಿನ್‌ಐಪಿಸಿಎಫ್‌ಜಿ ತೆರೆದಾಗ ಪಟ್ಟಿಯ ಮೊದಲನೆಯದನ್ನು ತೋರಿಸುತ್ತದೆ, ಬಹಳ ಸಲ ಅದು ಈ ಡಯಲ್‌ಅಪ್ ಆಗಿರುತ್ತದೆ. ಬಾಣ ಒತ್ತಿ ಎಎಮ್‌ಡಿ ಪಿಸಿನೆಟ್ ಆರಿಸಿ ಅಂತ ನಿಮಗೆ ಬರೆದೆ. ಮರುದಿನವೇ ನಿಮ್ಮ ಉತ್ತರ ಬಂತು: 10.0.2.15. ಅಷ್ಟೇ! ಮೂರು ಇನ್‌ಸ್ಟಾಲ್ ಹೋದದ್ದು ಒಂದು ಬಾಣದ ಗುರುತಿಗೆ. ಬೇಜಾರು ಮಾಡಬೇಡಿ, ಆ ಕಾಲದಲ್ಲಿ ದೊಡ್ಡ ದೊಡ್ಡವರೂ ಇದೇ ಸೊನ್ನೆ ನೋಡಿ ಕಾರ್ಡ್ ಬಿಚ್ಚಿದ್ದಾರೆ.

10.0.2.15 ಅನ್ನುವುದು ಬಹಳ ಒಳ್ಳೆಯ ಸುದ್ದಿ. ಯಾಕೆ ಅಂತ ಹೇಳುತ್ತೇನೆ, ಉಳಿದ ಮೂರು ದೂರುಗಳಿಗೂ ಉತ್ತರ ಅಲ್ಲೇ ಇದೆ.

ಕ್ಯೂಎಮು ತನ್ನೊಳಗೆ ಒಂದು ಸುಳ್ಳು ನೆಟ್‌ವರ್ಕ್ ಕಟ್ಟುತ್ತದೆ. ಅದರಲ್ಲಿ ಒಳಗಿನ 98ಕ್ಕೆ 10.0.2.15, ಹೊರಗೆ ಹೋಗುವ ಬಾಗಿಲಾದ ಗೇಟ್‌ವೇಗೆ 10.0.2.2, ಹೆಸರು ಹುಡುಕಿಕೊಡುವ ಡಿಎನ್‌ಎಸ್‌ಗೆ 10.0.2.3. ಇದನ್ನು ನೀವು ಎಲ್ಲೂ ಟೈಪ್ ಮಾಡಬೇಕಾಗಿಲ್ಲ, ವಿಳಾಸ ಹಂಚುವ ಡಿಎಚ್‌ಸಿಪಿ ತಾನಾಗಿ ಕೊಡುತ್ತದೆ. ಮನೆಯ ರೂಟರ್ 192.168ರಲ್ಲಿ ಇದೆ ಅಂತ 98ಕ್ಕೂ ಕೈಯಾರೆ 192.168ರ ವಿಳಾಸ ಬರೆದರೆ ಇದ್ದದ್ದೂ ಹೋಗುತ್ತದೆ. ಕ್ಯೂಎಮುವಿನಂಥದ್ದೇ ಇನ್ನೊಂದು ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸ್‌ನಲ್ಲಿ ನ್ಯಾಟ್ ಅಂತ ಆರಿಸಿದರೂ ಸಾಮಾನ್ಯವಾಗಿ ಇದೇ 10.0.2.15 ಸಿಗುತ್ತದೆ.

ಈ ಕೆಲಸ ಮಾಡುವ ಭಾಗದ ಹೆಸರು ಸ್ಲರ್ಪ್. ಅದರ ಕಥೆ ಸ್ವಾರಸ್ಯವಾಗಿದೆ. 1995ರ ಹೊತ್ತಿಗೆ ಡ್ಯಾನಿ ಗ್ಯಾಸ್ಪರೊವ್‌ಸ್ಕಿ ಅನ್ನುವವರು ಇದನ್ನು ಬರೆದದ್ದು ಎಮ್ಯುಲೇಟರಿಗೆ ಅಲ್ಲವೇ ಅಲ್ಲ. ಆಗ ಶೆಲ್ ಅಕೌಂಟ್ ಅಂತ ಇತ್ತು, ಕಪ್ಪು ತೆರೆಯ ಮೇಲೆ ಬರೀ ಅಕ್ಷರ ಬರುವಂಥದ್ದು. ನಮ್ಮಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ಕ್ಕೆ ಜನರಿಗೆ ಇಂಟರ್ನೆಟ್ ತೆರೆದುಕೊಟ್ಟ ಮೇಲೆ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದದ್ದು ಇಂಥದ್ದೇ. ಚಿತ್ರ ಬರುವ ಸಂಪರ್ಕಕ್ಕೆ ದುಡ್ಡು ಜಾಸ್ತಿ. ಸ್ಲರ್ಪ್ ಏನು ಮಾಡುತ್ತಿತ್ತು ಅಂದರೆ, ಆ ಬಡ ಶೆಲ್ ಅಕೌಂಟನ್ನೇ ಪೂರ್ತಿ ಇಂಟರ್ನೆಟ್ ಸಂಪರ್ಕದ ಹಾಗೆ ನಟಿಸುವಂತೆ ಮಾಡುತ್ತಿತ್ತು. ಅದೇ ನಟನೆ ಇವತ್ತು ನಿಮ್ಮ ಪ್ರೆಸ್ಸಿನಲ್ಲಿ ನಡೆಯುತ್ತಿದೆ.

ನಟನೆ ಅಂದೆನಲ್ಲ, ಅಲ್ಲೇ ಪಿಂಗಿನ ಗುಟ್ಟು ಇರುವುದು. ಗುತ್ತಿನ ಮನೆಯ, ಅಂದರೆ ನಮ್ಮ ಕಡೆಯ ಹಳೆಯ ದೊಡ್ಡ ಮನೆತನದ, ಚಾವಡಿ ನೆನಪಿಸಿಕೊಳ್ಳಿ. ಒಳಮನೆಯವರು ಹೊರಗಿನವರ ಹತ್ತಿರ ನೇರ ಮಾತಾಡುವುದಿಲ್ಲ, ಚಾವಡಿಯಲ್ಲಿ ಕೂತ ಯಜಮಾನರ ಕೈಗೆ ಚೀಟಿ ಕೊಡುತ್ತಾರೆ. ಅವರು ತಮ್ಮ ಹೆಸರಿನಲ್ಲೇ ಹೊರಗೆ ವ್ಯವಹಾರ ಮಾಡಿ ಉತ್ತರ ತಂದು ಒಳಗೆ ಕೊಡುತ್ತಾರೆ. ಸ್ಲರ್ಪ್ ಆ ಯಜಮಾನ. ವೆಬ್ ಪುಟ, ಮೇಲ್, ಫೈಲ್, ಎಲ್ಲ ಚೀಟಿಗಳೂ ಹೋಗುತ್ತವೆ. ಆದರೆ ಪಿಂಗ್ ಚೀಟಿಯಲ್ಲ, ಅದು ಗದ್ದೆಯ ಆಚೆ ಇರುವವರಿಗೆ 'ಕೂ' ಹಾಕಿದ ಹಾಗೆ. ಯಜಮಾನರು ಕೂಗನ್ನು ಕೈಯಲ್ಲಿ ಹೊತ್ತು ಸಾಗಿಸುವುದಿಲ್ಲ. ತಾಂತ್ರಿಕವಾಗಿ ಹೇಳುವುದಾದರೆ ಪಿಂಗ್ ಐಸಿಎಂಪಿ ಅನ್ನುವ ಬೇರೆ ಬಗೆಯ ಪ್ಯಾಕೆಟ್. ವಿಂಡೋಸ್ ಲ್ಯಾಪ್‌ಟಾಪಿನ ಮೇಲೆ ಓಡುವ ಸ್ಲರ್ಪ್ ಅದನ್ನು ಹೊರಗೆ ದಾಟಿಸುವುದಿಲ್ಲ. ಲಿನಕ್ಸ್‌ನಲ್ಲೂ ಬೇರೆ ಅನುಮತಿ ಕೊಟ್ಟರೆ ಮಾತ್ರ ದಾಟುತ್ತದೆ.

ಹಾಗಾಗಿ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ 'ರಿಕ್ವೆಸ್ಟ್ ಟೈಮ್ಡ್ ಔಟ್' ಬಂತು ಅಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. 10.0.2.2ಕ್ಕೆ ಪಿಂಗ್ ಮಾಡಿ, ಉತ್ತರ ಬರುತ್ತದೆ, ಯಾಕೆಂದರೆ ಆ ವಿಳಾಸದ ಪರವಾಗಿ ಸ್ಲರ್ಪೇ ಮಾತಾಡುತ್ತದೆ. ಬಂದರೆ ಕಾರ್ಡು, ಡ್ರೈವರು, ಇಂಟರ್ನೆಟ್ಟಿನ ಭಾಷೆಯಾದ ಟಿಸಿಪಿ/ಐಪಿ ಮೂರೂ ಸರಿ.

ಪಿಂಗ್ ಫೇಲ್ ಆದರೂ ಅದರಿಂದ ಒಂದು ಉಪಯೋಗ ಇದೆ, ಇದನ್ನು ನಾನು ಯಾವಾಗಲೂ ಮಾಡುತ್ತೇನೆ. ಡಾಸ್ ಕಿಟಕಿ ತೆರೆದು ಎಕ್ಸಾಂಪಲ್ ಡಾಟ್ ಕಾಮ್‌ಗೆ ಪಿಂಗ್ ಕೊಡಿ. ಕೆಳಗಿನ ನಾಲ್ಕು ಟೈಮ್ಡ್ ಔಟ್ ಸಾಲುಗಳನ್ನು ಬಿಡಿ, ಮೊದಲ ಸಾಲು ಮಾತ್ರ ನೋಡಿ. ಹೆಸರಿನ ಪಕ್ಕ ಚೌಕ ಬ್ರಾಕೆಟಿನೊಳಗೆ ಒಂದು ಐಪಿ ಸಂಖ್ಯೆ ಬಂದಿದೆಯಾ? ಬಂದಿದ್ದರೆ 10.0.2.3 ಹೊರಗೆ ಹೋಗಿ ಹೆಸರು ಕೇಳಿಕೊಂಡು ಬಂದಿದೆ. ಅಂದರೆ ನಿಮ್ಮ 98 ಇಂಟರ್ನೆಟ್ ಮುಟ್ಟಿದೆ. 'ಅನ್‌ನೋನ್ ಹೋಸ್ಟ್' ಅಂದರೆ ಮಾತ್ರ ಡಿಎನ್‌ಎಸ್ ಕಡೆ ತಲೆ ಹಾಕಿ.

ಸರಿ, ಹಾಗಾದರೆ ಸೈಟುಗಳು ಯಾಕೆ ತೆರೆಯುವುದಿಲ್ಲ?

ಇದಕ್ಕೆ ಎಮ್ಯುಲೇಟರನ್ನು ಬೈದು ಪ್ರಯೋಜನ ಇಲ್ಲ, ಕಾಲ ಮುಂದೆ ಹೋಗಿದೆ. ನಿಮ್ಮ 98 ಸೆಕೆಂಡ್ ಎಡಿಷನ್ ಜೊತೆ ಬರುವುದು ಇಂಟರ್ನೆಟ್ ಎಕ್ಸ್‌ಪ್ಲೋರರ್ 5. ಇವತ್ತಿನ ಸೈಟುಗಳು ಬಹುಪಾಲು ಎಚ್‌ಟಿಟಿಪಿಎಸ್. ಬೀಗ ಹಾಕಿದ ಮಾತುಕತೆ ಅದು, ಬೀಗದ ನಮೂನೆ ಟಿಎಲ್‌ಎಸ್ 1.2 ಅಥವಾ ಅದಕ್ಕಿಂತ ಹೊಸದು. 1.2 ಬಂದದ್ದೇ 2008ರಲ್ಲಿ. 98ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2006ರ ಜುಲೈ 11ಕ್ಕೆ. ಅದರ ಬ್ರೌಸರಿಗೆ ಗೊತ್ತಿರುವ ಹಳೆಯ ನಮೂನೆಗಳನ್ನು ಸರ್ವರ್‌ಗಳು ಒಂದೊಂದಾಗಿ ಕೈಬಿಟ್ಟಿವೆ. ಟಿಎಲ್‌ಎಸ್ 1.0 ಮತ್ತು 1.1 ಎರಡನ್ನೂ 2021ರ ಮಾರ್ಚಿನಲ್ಲಿ ಇಂಟರ್ನೆಟ್ಟಿನ ನಿಯಮ ಬರೆಯುವ ಐಇಟಿಎಫ್ ಅಧಿಕೃತವಾಗಿಯೇ ಬದಿಗಿಟ್ಟಿತು. ನಿಮ್ಮ ಬ್ರೌಸರ್ ಬಾಗಿಲ ತನಕ ಹೋಗಿ ಹಳೆ ಕೀ ತಿರುಗಿಸುತ್ತದೆ, ಬೀಗ ತೆರೆಯುವುದಿಲ್ಲ, ವಾಪಸ್ ಬಂದು 'ಪೇಜ್ ಕೆನಾಟ್ ಬಿ ಡಿಸ್‌ಪ್ಲೇಡ್' ಅನ್ನುತ್ತದೆ. ಕೇಬಲ್ ಕಿತ್ತರೂ ಅದೇ ಮಾತು, ಬೀಗ ಬದಲಾದರೂ ಅದೇ ಮಾತು. ಆ ಪುಟದಷ್ಟು ಜನರ ದಾರಿ ತಪ್ಪಿಸಿದ್ದು ಇನ್ನೊಂದಿಲ್ಲ.

ಬೀಗ ಇಲ್ಲದ ಪುಟ ತೆರೆದು ನೋಡಿ. ಅದೇ ಎಕ್ಸಾಂಪಲ್ ಡಾಟ್ ಕಾಮ್, ಮುಂದೆ ಬರೀ ಎಚ್‌ಟಿಟಿಪಿ, ಎಸ್ ಇಲ್ಲದೆ. ಬಿಳಿ ಪುಟದಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬಂದರೆ ಸಾಕು. ಅದರ ಬದಲು ಡಯಲ್ ಮಾಡಲಾ ಅಂತ ಒಂದು ಕಿಟಕಿ ಎದ್ದು ಬಂದರೆ ಇಂಟರ್ನೆಟ್ ಆಪ್ಷನ್ಸ್‌ಗೆ ಹೋಗಿ, ಕನೆಕ್ಷನ್ಸ್‌ನಲ್ಲಿ 'ನೆವರ್ ಡಯಲ್ ಎ ಕನೆಕ್ಷನ್' ಆರಿಸಿ.

ಹೊಸ ಸೈಟುಗಳನ್ನು 98ರಲ್ಲೇ ನೋಡಬೇಕು ಅನ್ನುವ ಹಟ ಇದ್ದರೆ ಲ್ಯಾಪ್‌ಟಾಪಿನಲ್ಲಿ ವೆಬ್‌ಒನ್ ಅನ್ನುವ ಪ್ರಾಕ್ಸಿ ಹಾಕಬಹುದು. ಅದು ಹೊರಗಿನ ಬೀಗ ತಾನು ತೆರೆದು ಒಳಗೆ ಬೀಗ ಇಲ್ಲದ ಪುಟ ಕೊಡುತ್ತದೆ. ನಿಮಗೆ ಅದು ಬೇಡ ಅಂತ ನನ್ನ ಅಭಿಪ್ರಾಯ. ಪಕ್ಕದಲ್ಲೇ ವಿಂಡೋಸ್ 11ರ ಬ್ರೌಸರ್ ಇರುವಾಗ 98ರಲ್ಲಿ ಯಾಕೆ? 20 ವರ್ಷದಿಂದ ಸುರಕ್ಷತೆಯ ಒಂದು ತೇಪೆಯೂ ಬೀಳದ ಸಿಸ್ಟಮ್ ಅದು. ಅದರಲ್ಲಿ ಕೂತು ಬ್ಯಾಂಕಿನ ಪಾಸ್‌ವರ್ಡ್ ಅಂತೂ ಒತ್ತಬೇಡಿ.

ನೆಟ್‌ವರ್ಕ್ ನೈಬರ್‌ಹುಡ್ ಖಾಲಿ ಇರುವುದು ಕೂಡ ಸಹಜವೇ. ಅಕ್ಕಪಕ್ಕದ ಕಂಪ್ಯೂಟರುಗಳು ಒಬ್ಬರನ್ನೊಬ್ಬರು ಹುಡುಕುವುದು ಎಲ್ಲರಿಗೂ ಕೇಳುವ ಹಾಗೆ ಕೂಗಿ, ಆ ಕೂಗು ಚಾವಡಿ ದಾಟುವುದಿಲ್ಲ ಅಂತ ಆಗಲೇ ಹೇಳಿದೆ. ಅದೂ ಅಲ್ಲದೆ 98ಕ್ಕೆ ಗೊತ್ತಿರುವುದು ಫೈಲ್ ಹಂಚುವ ಹಳೆಯ ಎಸ್‌ಎಂಬಿ 1 ಭಾಷೆ ಮಾತ್ರ. ವಿಂಡೋಸ್ 10ರ 1709 ಆವೃತ್ತಿಯಿಂದ ಈಚೆಗೆ ಮೈಕ್ರೋಸಾಫ್ಟ್ ಅದನ್ನು ಇನ್‌ಸ್ಟಾಲ್ ಮಾಡದೆಯೇ ಕೊಡುತ್ತಿದೆ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಎಸ್‌ಎಂಬಿ 1ಕ್ಕೆ ಟಿಕ್ ಹಾಕಿ ಅಂತ ಹೇಳುವವರು ಸಿಗುತ್ತಾರೆ. ನಾನು ಹೇಳುವುದಿಲ್ಲ. 2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಲೋಕವೆಲ್ಲ ಹರಡಿದ್ದು ಅದೇ ಎಸ್‌ಎಂಬಿ 1ರ ತೂತಿನಿಂದ. ಒಂದು ಆಮಂತ್ರಣ ಪತ್ರಿಕೆಗೋಸ್ಕರ ಅಳಿಯನ ಲ್ಯಾಪ್‌ಟಾಪಿನ ಬಾಗಿಲು ತೆರೆದಿಡಬೇಡಿ.

ಇಷ್ಟೆಲ್ಲ ಹೇಳಿ ಈಗ ಒಂದು ಮಾತು ಕೇಳುತ್ತೇನೆ, ನಗಬೇಡಿ. ನಿಮಗೆ ಬೇಕಾದದ್ದು ಒಂದು ಫೈಲು ಅಲ್ವಾ? ಅದಕ್ಕೆ ನೆಟ್‌ವರ್ಕೇ ಬೇಡ. 98ನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಕ್ಯೂಎಮು ಮುಚ್ಚಿ, ಹಳೆಯ ಡಿಸ್ಕಿನ ಇಮೇಜ್ ಫೈಲನ್ನು ಸೆವೆನ್‌ಜಿಪ್‌ನಲ್ಲಿ ತೆರೆಯಿರಿ. ಒಳಗಿನ ಫೋಲ್ಡರುಗಳು ಸಾಲಾಗಿ ಕಾಣುತ್ತವೆ. ಪೇಜ್‌ಮೇಕರ್ 6.5ರ ಫೈಲುಗಳ ಬಾಲ ಪಿ65 ಅಂತ ಇರುತ್ತದೆ, ಎಳೆದು ಹೊರಗೆ ಹಾಕಿಕೊಳ್ಳಿ. ಕ್ಯೂಎಮು ಓಡುತ್ತಿರುವಾಗ ಮಾತ್ರ ಇಮೇಜಿಗೆ ಕೈ ಹಾಕಬೇಡಿ. ಮತ್ತೆ ಈ ಕೆಲಸಕ್ಕೆ ಮೊದಲು ಇಮೇಜಿನ ಒಂದು ಕಾಪಿ ಬೇರೆ ಡಿಸ್ಕಿನಲ್ಲಿ ಇರಲಿ. ಆ ಹಳೆಯ ಹಾರ್ಡ್ ಡಿಸ್ಕ್ ನಮ್ಮ ಕರಾವಳಿಯ ತೇವದಲ್ಲಿ ಇನ್ನೊಂದು ಮಳೆಗಾಲ ಕಳೆಯುತ್ತದೆ ಅಂತ ನಂಬಿ ಕೂರಬೇಡಿ.

ಫೈಲ್ ಜೊತೆಗೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ತೆಗೆದುಕೊಳ್ಳಿ. ಇದನ್ನು ಮರೆತವರೇ ಜಾಸ್ತಿ. ಆ ಕಾಲದ ಕನ್ನಡ ಡಿಟಿಪಿ ಇವತ್ತು ಫೋನಿನಲ್ಲಿ ಬಳಸುವ ಯುನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು. ಅದೇ ಫಾಂಟ್ ಇಲ್ಲದಿದ್ದರೆ 'ಬ್ರಹ್ಮಕಲಶೋತ್ಸವ' ಅನ್ನುವ ಕಡೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬರುತ್ತದೆ.

ಆದರೆ ನೀವು ಈ ಸಲದ ಆಮಂತ್ರಣವನ್ನೂ 98ರಲ್ಲೇ ತಿದ್ದಬೇಕೆಂದಿದ್ದೀರಿ. ದೇವಸ್ಥಾನದ ಸಮಿತಿಯವರು ದಿನಕ್ಕೆ ಎರಡು ಸಲ ಹೆಸರು ಸೇರಿಸುತ್ತಾರೆ, ಪ್ರತಿ ಸಲ ಶಟ್‌ಡೌನ್ ಮಾಡುತ್ತಾ ಕೂರಲಿಕ್ಕೆ ಆಗುವುದಿಲ್ಲ. ಅದಕ್ಕೆ ನೆಟ್‌ವರ್ಕ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಲ್ಯಾಪ್‌ಟಾಪಿನಿಂದ 98ಕ್ಕೆ ಫೈಲ್ ತರುವುದು ಬಹಳ ಸುಲಭ. ಲ್ಯಾಪ್‌ಟಾಪಿನಲ್ಲಿ ಪೈಥಾನ್ ಹಾಕಿ. ಒಂದು ಫೋಲ್ಡರ್ ಮಾಡಿ, ಅದರಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪೈ, ಹೈಫನ್ ಎಂ, ಎಚ್‌ಟಿಟಿಪಿ ಡಾಟ್ ಸರ್ವರ್, 8000, ಎರಡು ಹೈಫನ್ ಬೈಂಡ್, 127.0.0.1 ಅಂತ ಕೊಡಿ. ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಪ್ರತಿ ತುಂಡಿನ ನಡುವೆ ಒಂದು ಸ್ಪೇಸ್. ಹೈಫನ್ ಮಾತ್ರ ಅದರ ಮುಂದಿನ ಅಕ್ಷರಕ್ಕೆ ಅಂಟಿಕೊಂಡಿರಬೇಕು, ಎಚ್‌ಟಿಟಿಪಿ ಡಾಟ್ ಸರ್ವರ್ ಅನ್ನುವುದು ಒಂದೇ ತುಂಡು. ಈಗ 98ರ ಬ್ರೌಸರಿನಲ್ಲಿ ಎಚ್‌ಟಿಟಿಪಿ ಹಾಕಿ 10.0.2.2 ಕೋಲನ್ 8000 ಟೈಪ್ ಮಾಡಿ. ಆ ಫೋಲ್ಡರಿನ ಪಟ್ಟಿ ಕಣ್ಣೆದುರು ಬರುತ್ತದೆ. ಒಳಗಿನಿಂದ ನೋಡುವಾಗ 10.0.2.2 ಅಂದರೆ ನಿಮ್ಮ ಲ್ಯಾಪ್‌ಟಾಪೇ. 127.0.0.1ಕ್ಕೆ ಕಟ್ಟಿಹಾಕಿದ್ದರಿಂದ ವೈಫೈಯಲ್ಲಿರುವ ಬೇರೆ ಯಾರಿಗೂ ಅದು ಕಾಣುವುದಿಲ್ಲ, ಸ್ಲರ್ಪ್‌ಗೆ ಮಾತ್ರ ಕಾಣುತ್ತದೆ.

ಇಲ್ಲಿ ಎರಡು ಎಡವಟ್ಟು ಆಗುವುದುಂಟು. ಫೈಲಿನ ಹೆಸರು ಕನ್ನಡದಲ್ಲಿ ಇಡಬೇಡಿ, 98ಕ್ಕೆ ಅದು ಓದಲು ಬರುವುದಿಲ್ಲ. ಜಿಪ್ ಮಾಡಿಯೂ ಇಡಬೇಡಿ, ಬಿಚ್ಚುವ ಸಾಫ್ಟ್‌ವೇರ್ ಬೇರೆ ಹಾಕದಿದ್ದರೆ 98 ಅದನ್ನು ಬಿಚ್ಚುವುದಿಲ್ಲ. ಇನ್ನು ಸಮಿತಿಯವರು ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರುಗಳು ಯುನಿಕೋಡ್, ಅದನ್ನು ಲ್ಯಾಪ್‌ಟಾಪಿನಲ್ಲೇ ಆಸ್ಕಿಗೆ (ಆ ಹಳೆಯ ಫಾಂಟುಗಳ ನಮೂನೆಗೆ) ಕನ್ವರ್ಟ್ ಮಾಡಿ ಟೆಕ್ಸ್ಟ್ ಫೈಲ್ ಆಗಿ ಕಳಿಸಬೇಕು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

98ರಿಂದ ಹೊರಗೆ ತರುವುದು ಸ್ವಲ್ಪ ಸುತ್ತು. ಫೈಲ್ ಸಾಗಿಸುವ ಹಳೆಯ ವಿಧಾನವಾದ ಎಫ್‌ಟಿಪಿ ಅಂತ ಯಾರಾದರೂ ಹೇಳಿದರೆ ಎಚ್ಚರ. 98ರ ಡಾಸ್ ಕಿಟಕಿಯ ಎಫ್‌ಟಿಪಿಯಲ್ಲಿ ಲಾಗಿನ್ ಆಗುತ್ತದೆ, ಪಟ್ಟಿ ಕೇಳಿದ ಕೂಡಲೇ ನಿಂತುಬಿಡುತ್ತದೆ. ಅದು ಸರ್ವರಿಗೆ 'ನೀನೇ ನನ್ನ ಕಡೆಗೆ ಸಂಪರ್ಕ ಮಾಡು' ಅನ್ನುವ ಹಳೆಯ ಪದ್ಧತಿಯದು, ಹೊರಗಿನಿಂದ ಒಳಗೆ ಬರಲು ದಾರಿಯೇ ಇಲ್ಲ. ದಾರಿಯನ್ನು ನಾವೇ ಕೊರೆಯಬೇಕು. 98ರ ಸಿಡಿಯಲ್ಲೇ, ಆಡ್‌ಆನ್ಸ್ ಫೋಲ್ಡರಿನೊಳಗೆ ಪರ್ಸನಲ್ ವೆಬ್ ಸರ್ವರ್ ಅಂತ ಒಂದು ಇದೆ, ಬಹಳ ಜನ ನೋಡಿಯೇ ಇಲ್ಲ. ಅದನ್ನು ಹಾಕಿ, ಅಡ್ವಾನ್ಸ್ಡ್‌ನಲ್ಲಿ ಡೈರೆಕ್ಟರಿ ಬ್ರೌಸಿಂಗ್‌ಗೆ ಟಿಕ್ ಹಾಕಿ, ಡೀಫಾಲ್ಟ್ ಡಾಕ್ಯುಮೆಂಟಿನ ಟಿಕ್ ತೆಗೆಯಿರಿ. ಕ್ಯೂಎಮು ಆರಂಭಿಸುವ ಕಮಾಂಡಿನಲ್ಲಿ, ನಿಕ್ ಯೂಸರ್ ಅಂತ ಇರುವ ಜಾಗದಲ್ಲಿ, ಕಾಮಾ ಹಾಕಿ ಹೋಸ್ಟ್‌ಎಫ್‌ಡಬ್ಲ್ಯುಡಿ ಅನ್ನುವುದನ್ನು ಸೇರಿಸಿ ಲ್ಯಾಪ್‌ಟಾಪಿನ 127.0.0.1ರ 8080ನ್ನು ಒಳಗಿನ 80ಕ್ಕೆ ಜೋಡಿಸಲು ಅಳಿಯನಿಗೆ ಹೇಳಿ, ಅವರಿಗೆ ಗೊತ್ತಾಗುತ್ತದೆ. ಆಮೇಲೆ ವಿಂಡೋಸ್ 11ರ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಕೋಲನ್ 8080 ಕೊಟ್ಟರೆ 98ರೊಳಗಿನ ಫೈಲುಗಳು ಕಾಣುತ್ತವೆ.

ಬ್ರಿಡ್ಜ್ ಮಾಡಿದರೆ ಇದೆಲ್ಲ ತಲೆಬಿಸಿ ಇಲ್ಲವಲ್ಲ ಅಂತ ಅಳಿಯ ಕೇಳಬಹುದು. ಬ್ರಿಡ್ಜ್ ಅಂದರೆ 98ನ್ನು ನೇರವಾಗಿ ಮನೆಯ ರೂಟರಿಗೆ ಕಟ್ಟುವುದು. ಮಂಗಳೂರಿನಲ್ಲಿ, ಹಂಪನಕಟ್ಟೆ ಹತ್ತಿರದ ಒಂದು ಕಚೇರಿಯಲ್ಲಿ ಹಳೆಯ ಲೆಕ್ಕದ ಸಾಫ್ಟ್‌ವೇರ್ ಎಬ್ಬಿಸಲು ಹೋಗಿ ನಾನು ಇದರಲ್ಲಿ ಎರಡು ದಿನ ಕಳೆದಿದ್ದೇನೆ. 98ಕ್ಕೆ ವಿಳಾಸವೇ ಸಿಗಲಿಲ್ಲ, ಪ್ರತಿ ಸಲ 169.254ರಿಂದ ಶುರುವಾಗುವ ಸಂಖ್ಯೆ. ಡಿಎಚ್‌ಸಿಪಿಯಿಂದ ಉತ್ತರ ಬರದಿದ್ದಾಗ 98 ತಾನೇ ಕಟ್ಟಿಕೊಳ್ಳುವ ವಿಳಾಸ ಅದು. ತಪ್ಪು ನನ್ನದೇ, ನಾನು ಕೂತದ್ದು ವೈಫೈಯಲ್ಲಿ. ವೈಫೈ ರೂಟರ್ ತನ್ನಲ್ಲಿ ಹೆಸರು ಬರೆಸಿದ ಕಾರ್ಡಿನ ಪ್ಯಾಕೆಟ್ ಮಾತ್ರ ತೆಗೆದುಕೊಳ್ಳುತ್ತದೆ. ಎಮ್ಯುಲೇಟರಿನೊಳಗಿನ ಕಾರ್ಡ್ ಬೇರೆ ಸಂಖ್ಯೆ ಹೇಳಿಕೊಂಡು ಬಂದರೆ ಅದಕ್ಕೆ ಗುರುತಿಲ್ಲ. ಚಹಾ ತಂದ ಹುಡುಗ ಟೇಬಲ್ ಕೆಳಗಿದ್ದ ಕೇಬಲ್ ಎಡವಿದಾಗ ನನಗೆ ಹೊಳೆಯಿತು. ಕೇಬಲ್ ಚುಚ್ಚಿದೆ, ಒಂದೇ ನಿಮಿಷದಲ್ಲಿ ಸರಿಯಾಯಿತು. ನಿಮಗೆ ಬ್ರಿಡ್ಜ್ ಬೇಡವೇ ಬೇಡ. ಚಾವಡಿಯೇ ಸಾಕು, ಹೊರಗಿನವರು ಒಳಗೆ ನುಗ್ಗದಂತೆ ಅದೊಂದು ಕಾವಲೂ ಹೌದು.

ಇದೇ ದಾರಿಯಲ್ಲಿ ಇರುವ ಬೇರೆ ಓದುಗರಿಗೆ ಎರಡು ಮಾತು. ವಿನ್‌ಐಪಿಸಿಎಫ್‌ಜಿಯ ಪಟ್ಟಿಯಲ್ಲಿ ನಿಮ್ಮ ಕಾರ್ಡೇ ಇಲ್ಲ ಅಂದರೆ ಸಮಸ್ಯೆ ಬೇರೆ. ಕ್ಯೂಎಮುಗೆ ಏನೂ ಹೇಳದಿದ್ದರೆ ಅದು ಇಂಟೆಲ್‌ನ ಇ1000 ಕಾರ್ಡ್ ಕೊಡುತ್ತದೆ, 98ರ ಜೊತೆ ಅದರ ಡ್ರೈವರ್ ಬರುವುದಿಲ್ಲ. ಮಾಡೆಲ್ ಪಿಸಿನೆಟ್ ಅಥವಾ ಎನ್ಇ2ಕೆ ಪಿಸಿಐ ಅಂತ ಹೇಳಿಕೊಡಬೇಕು. ಎಕ್ಸ್‌ಪಿ ಆದರೆ ಆರ್‌ಟಿಎಲ್8139 ಒಳ್ಳೆಯದು. ಸರಿಯಾದ ಕಾರ್ಡ್ ಕೊಟ್ಟ ಮೇಲೂ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಸಿಸ್ಟಮ್ ಡಿವೈಸಸ್ ತೆರೆದು ಪ್ಲಗ್ ಆಂಡ್ ಪ್ಲೇ ಬಯೋಸ್ ಅನ್ನುವುದರ ಮೇಲೆ ಹಳದಿ ಗುರುತು ಇದೆಯಾ ನೋಡಿ. ಕ್ಯೂಎಮುವಿನಲ್ಲಿ 98ಕ್ಕೆ ಬರುವ ಮಾಮೂಲಿ ಕಾಯಿಲೆ ಇದು. ಅಪ್‌ಡೇಟ್ ಡ್ರೈವರ್ ಒತ್ತಿ, ಪಟ್ಟಿ ತೋರಿಸು ಅಂದು, ಎಲ್ಲ ಹಾರ್ಡ್‌ವೇರ್ ತೋರಿಸು ಅಂದು, ಅದರಲ್ಲಿ ಪಿಸಿಐ ಬಸ್ ಆರಿಸಿ. ಎಚ್ಚರಿಕೆಯ ಮಾತು ಬಂದರೆ ಹೌದು ಅನ್ನಿ. ರೀಸ್ಟಾರ್ಟ್ ಆದ ಮೇಲೆ ಮಲಗಿದ್ದವೆಲ್ಲ ಎದ್ದ ಹಾಗೆ ಒಂದೊಂದೇ ಡಿವೈಸ್ ಬರುತ್ತವೆ, ನೆಟ್‌ವರ್ಕ್ ಕಾರ್ಡ್ ಕೂಡ. ಪ್ರತಿಯೊಂದಕ್ಕೂ ಸಿಡಿ ಕೇಳುತ್ತದೆ, ಹಾಗಾಗಿ ಸಿಡಿಯ ವಿನ್98 ಫೋಲ್ಡರನ್ನು ಮೊದಲೇ ಸಿ ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ವಿಂಡೋಸ್ 95 ಇಟ್ಟುಕೊಂಡವರಿಗೆ ಟಿಸಿಪಿ/ಐಪಿ ತಾನಾಗಿ ಬರುವುದಿಲ್ಲ, ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಕೈಯಾರೆ ಸೇರಿಸಬೇಕು. ಕಾರ್ಡ್ ಸೇರಿಸಿದ ಕೂಡಲೇ ವಿಂಡೋಸ್ ಪ್ರೊಟೆಕ್ಷನ್ ಎರರ್ ಬಂದು ನಿಂತರೆ ಹೆದರಬೇಡಿ. 2.1 ಗಿಗಾಹರ್ಟ್ಸ್‌ಗಿಂತ ವೇಗದ ಪ್ರೊಸೆಸರ್ ಮೇಲೆ ಅದರ ನೆಟ್‌ವರ್ಕ್ ಭಾಗ ಸಮಯ ಅಳೆಯಲು ಹೋಗಿ ಸೊನ್ನೆಯಿಂದ ಭಾಗಿಸುತ್ತದೆ. ಅಷ್ಟು ವೇಗದ ಕಂಪ್ಯೂಟರ್ ಬಂದೀತು ಅಂತ ಆಗ ಯಾರೂ ಎಣಿಸಿರಲಿಲ್ಲ. ಅದಕ್ಕೆ ಫಿಕ್ಸ್95ಸಿಪಿಯು ಅನ್ನುವ ತೇಪೆ ಸಿಗುತ್ತದೆ.

ಕೊನೆಗೆ ಪ್ರಿಂಟ್. ಇದು ನೀವು ಕೇಳಲಿಲ್ಲ, ನಾಳೆ ಕೇಳಿಯೇ ಕೇಳುತ್ತೀರಿ. ನಿಮ್ಮ ಹೊಸ ಪ್ರಿಂಟರಿಗೆ 98ರ ಡ್ರೈವರ್ ಸಿಗುವುದಿಲ್ಲ, ಹುಡುಕುವ ಕೆಲಸ ಬೇಡ. 98ರಲ್ಲಿ ಹೊಸ ಪ್ರಿಂಟರ್ ಸೇರಿಸಿ, ಪಟ್ಟಿಯಲ್ಲಿರುವ ಆಪಲ್ ಲೇಸರ್‌ರೈಟರ್ ಒಂದನ್ನು ಆರಿಸಿ, ಪೋರ್ಟ್ ಎಲ್‌ಪಿಟಿ1 ಇಡಿ. ಕ್ಯೂಎಮು ಕಮಾಂಡಿನಲ್ಲಿ ಪ್ಯಾರಲಲ್ ಪೋರ್ಟನ್ನು ಲ್ಯಾಪ್‌ಟಾಪಿನ ಒಂದು ಫೈಲಿಗೆ ತಿರುಗಿಸಿ: ಹೈಫನ್ ಪ್ಯಾರಲಲ್, ಸ್ಪೇಸ್, ಫೈಲ್, ಕೋಲನ್, ಆಮೇಲೆ ಫೈಲಿನ ಹೆಸರು. ಪೇಜ್‌ಮೇಕರಿನಲ್ಲಿ ಪ್ರಿಂಟ್ ಕೊಟ್ಟರೆ ಆ ಫೈಲಿಗೆ ಪೋಸ್ಟ್‌ಸ್ಕ್ರಿಪ್ಟ್ (ಪ್ರಿಂಟರಿಗೆ ಪುಟ ವಿವರಿಸುವ ಭಾಷೆ) ಬಂದು ಬೀಳುತ್ತದೆ, ಗೋಸ್ಟ್‌ಸ್ಕ್ರಿಪ್ಟ್ ಅನ್ನುವ ಸಾಫ್ಟ್‌ವೇರಿನಿಂದ ಅದನ್ನು ಪಿಡಿಎಫ್ ಮಾಡಿ. ಅಕ್ಷರದ ಆಕಾರವೂ ಜೊತೆಗೇ ಹೋಗುವುದರಿಂದ ಒತ್ತಕ್ಷರ ಕೆಡುವುದಿಲ್ಲ. ಒಂದು ಪ್ರಿಂಟ್ ಆದ ಮೇಲೆ ಕ್ಯೂಎಮು ಮುಚ್ಚಿ, ಆ ಫೈಲಿಗೆ ಬೇರೆ ಹೆಸರು ಕೊಡಿ. ಮುಂದಿನ ಸಲ ಕ್ಯೂಎಮು ಎದ್ದಾಗ ಅದೇ ಹೆಸರಿನ ಫೈಲನ್ನು ಖಾಲಿ ಮಾಡಿಯೇ ಶುರು ಮಾಡುತ್ತದೆ.

ಇನ್ನೂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬರೆಯಿರಿ. ವಿನ್‌ಐಪಿಸಿಎಫ್‌ಜಿಯ ಫೋಟೋ ಕಳಿಸುವಾಗ ಮಾತ್ರ, ಬಾಣ ಒತ್ತಿ ಕಾರ್ಡ್ ಆರಿಸಿ, 'ಮೋರ್ ಇನ್ಫೋ' ಒತ್ತಿದ ಮೇಲೆ ತೆಗೆಯಿರಿ.